ಪಿಎಚ್‌ಡಿ ಮುಗಿಯಿತು, ಫೆಲೋಶಿಪ್ ನಿಂತಿತು: ಪೋಸ್ಟ್‌ಡಾಕ್‌ಗೆ ದುಡ್ಡು ಎಲ್ಲಿಂದ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಸಸ್ಯಶಾಸ್ತ್ರದಲ್ಲಿ ಪಿಎಚ್‌ಡಿ ಮುಗಿಸಿದ್ದೇನೆ. ಮಲೆನಾಡಿನ ಕೆರೆಗಳ ಪಾಚಿ ಮೇಲೆ ಕೆಲಸ. ಎಸ್‌ಸಿ, ವಯಸ್ಸು 36, ನಮ್ಮ ಮನೆಯಲ್ಲಿ ಡಿಗ್ರಿ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಎಸ್‌ಸಿ ವಿದ್ಯಾರ್ಥಿಗಳ ನ್ಯಾಷನಲ್ ಫೆಲೋಶಿಪ್ ಇದ್ದಿದ್ದರಿಂದ ಪಿಎಚ್‌ಡಿ ನಡೆಯಿತು, ಇಲ್ಲದಿದ್ದರೆ ಎಂಎಸ್‌ಸಿಗೇ ಕೈ ಮುಗಿಯುತ್ತಿದ್ದೆ. ಥೀಸಿಸ್ ಸಲ್ಲಿಸಿದ ಕೂಡಲೇ ಅದು ನಿಂತಿತು, ನಿಯಮವೇ ಹಾಗಿದೆ.

ಈಗ ಎರಡು ದಾರಿ. ಒಂದು, ಪಕ್ಕದ ತಾಲ್ಲೂಕಿನ ಸರ್ಕಾರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಇನ್ನೊಂದು ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಆದ ಮೇಲೆ ಫೆಲೋಶಿಪ್ ಪಡೆದು ಮಾಡುವ ಸಂಶೋಧನೆ. ಗೈಡ್ ಎರಡನೆಯದನ್ನೇ ಹಿಡಿ ಎನ್ನುತ್ತಾರೆ. ಆದರೆ ಅರ್ಜಿ ಹಾಕಿ, ಫಲಿತಾಂಶ ಬಂದು, ಮೊದಲ ಕಂತು ಖಾತೆಗೆ ಬೀಳುವ ತನಕ ಮನೆ ಹೇಗೆ ನಡೆಯಬೇಕು ಎಂದು ಅವರೂ ಹೇಳುವುದಿಲ್ಲ.

ನನ್ನ ಪ್ರಶ್ನೆ ಇಷ್ಟೇ. 36ಕ್ಕೆ ಕೇಂದ್ರದ ನ್ಯಾಷನಲ್ ಪೋಸ್ಟ್‌ಡಾಕ್ ಫೆಲೋಶಿಪ್ (ಎನ್‌ಪಿಡಿಎಫ್) ಸಿಗುತ್ತದಾ? ಯುಜಿಸಿಯ ಎಸ್‌ಸಿ, ಎಸ್‌ಟಿ ಪೋಸ್ಟ್‌ಡಾಕ್ ಯಾರಾದರೂ ತೆಗೆದುಕೊಂಡಿದ್ದೀರಾ? ಗುರುತು ಪರಿಚಯ ಇಲ್ಲದ ಮೆಂಟರ್‌ರನ್ನು, ಅಂದರೆ ತಮ್ಮ ಲ್ಯಾಬ್‌ಗೆ ಸೇರಿಸಿಕೊಳ್ಳುವ ಪ್ರಾಧ್ಯಾಪಕರನ್ನು, ಹಿಡಿಯುವುದು ಹೇಗೆ?

ಕೆಂಪುಬಸ್ಸು
ಮೊದಲು ಗೆಸ್ಟ್ ಕೆಲಸಕ್ಕೆ ಸೇರಿಕೊಳ್ಳಿ. ಉಳಿದದ್ದು ಆಮೇಲೆ.

ಪಿಪೆಟ್ ಪುರಾಣ
ಎನ್‌ಪಿಡಿಎಫ್‌ಗೆ ಮಿತಿ 35 ವರ್ಷ. ಎಸ್‌ಸಿ, ಎಸ್‌ಟಿ, ಒಬಿಸಿ, ಅಂಗವಿಕಲರು ಮತ್ತು ಮಹಿಳೆಯರಿಗೆ 5 ವರ್ಷ ಸಡಿಲಿಕೆ. ಅಂದರೆ ನಿಮಗೆ 40ರ ತನಕ ಜಾಗ ಇದೆ. ಅರ್ಜಿಯ ಕೊನೆಯ ದಿನಕ್ಕೆ ವಯಸ್ಸು ಲೆಕ್ಕ ಹಾಕುತ್ತಾರೆ. ಅವಧಿ ಎರಡು ವರ್ಷ. ಜೀವನದಲ್ಲಿ ಒಂದೇ ಸಲ ಸಿಗುವುದು. ಪಿಎಚ್‌ಡಿ ಮಾಡಿದ ಸಂಸ್ಥೆಯಲ್ಲೇ ಕೂರಲು ಬಿಡುವುದಿಲ್ಲ, ಬೇರೆ ಕಡೆ ಹೋಗಬೇಕು.

ಇದನ್ನು ಮೊದಲು ಕೊಡುತ್ತಿದ್ದ ಕೇಂದ್ರದ ಸಂಶೋಧನಾ ಮಂಡಳಿ ಎಸ್‌ಇಆರ್‌ಬಿ ಕಾಲದಲ್ಲಿ ತಿಂಗಳಿಗೆ 55,000, ವರ್ಷಕ್ಕೆ 2 ಲಕ್ಷ ಸಂಶೋಧನಾ ಅನುದಾನ ಕೊಡುತ್ತಿದ್ದರು. ಥೀಸಿಸ್ ಕೊಟ್ಟು ಪದವಿ ಇನ್ನೂ ಕೈಗೆ ಬಾರದವರಿಗೆ 35,000. 2023ರ ಕಾಯ್ದೆಯ ನಂತರ ಎಸ್‌ಇಆರ್‌ಬಿ ಹೋಗಿ ಎಎನ್‌ಆರ್‌ಎಫ್ (ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ) ಬಂತು. ಹಾಗಾಗಿ ಹಳೇ ಯೂಟ್ಯೂಬ್ ವಿಡಿಯೋ ನೋಡಿ ಫಾರ್ಮ್ ತುಂಬಬೇಡಿ. ಹೊಸ ಪ್ರಕಟಣೆ ಓದಿ.

ಹೊಸಪೇಟೆ ಹೈದ
ಎನ್‌ಪಿಡಿಎಫ್‌ನಲ್ಲಿ ನಮಗೆ ಕೋಟಾ ಇದೆ ಅಲ್ವಾ?

ಪಿಪೆಟ್ ಪುರಾಣ
ಪ್ರಕಟಣೆಯಲ್ಲಿ ಇರುವುದು ವಯಸ್ಸಿನ ಸಡಿಲಿಕೆ. ಕೋಟಾ ಬೇರೆ, ಸಡಿಲಿಕೆ ಬೇರೆ. ಎರಡನ್ನೂ ಸೇರಿಸಿಕೊಂಡು ಎಷ್ಟೋ ಜನ ಮೋಸ ಹೋಗುತ್ತಾರೆ.

ಬಯಲುಸೀಮೆ
ಇಲ್ಲೇ ವಿಷಯ ಇರುವುದು. ಪಿಎಚ್‌ಡಿ ಹಂತದ ಲೆಕ್ಕ ನೋಡಿ. ಎಸ್‌ಸಿ ನ್ಯಾಷನಲ್ ಫೆಲೋಶಿಪ್ ವರ್ಷಕ್ಕೆ 2,000 ಜನಕ್ಕೆ. ಎಸ್‌ಟಿಗೆ 750. ಒಬಿಸಿಗೆ 1,000. ರಾಜೀವ್ ಗಾಂಧಿ ಫೆಲೋಶಿಪ್ ಎಂದು 2005-06ರಲ್ಲಿ ಶುರುವಾದಾಗಿನಿಂದ ಎಷ್ಟು ಸಾವಿರ ಮಕ್ಕಳು ಇದರಲ್ಲಿ ಡಾಕ್ಟರ್ ಆದರು.

ಈಗ ಮುಂದಿನ ಮೆಟ್ಟಿಲು. ಯುಜಿಸಿಯ ಎಸ್‌ಸಿ, ಎಸ್‌ಟಿ ಪೋಸ್ಟ್‌ಡಾಕ್ ಶುರುವಾಗಿದ್ದು 2006-07ರಲ್ಲಿ. ಅವಧಿ ಐದು ವರ್ಷ, ಅದು ಒಳ್ಳೆಯದೇ. ಆದರೆ ವರ್ಷಕ್ಕೆ ಇಟ್ಟದ್ದು 100 ಸ್ಥಾನ. ಎಸ್‌ಸಿ, ಎಸ್‌ಟಿ ಎರಡೂ ಸೇರಿ, ಇಡೀ ದೇಶಕ್ಕೆ, ಎಲ್ಲಾ ವಿಷಯಕ್ಕೆ. 2,750 ಜನರನ್ನು ಒಳಗೆ ಬಿಟ್ಟು 100 ಜನಕ್ಕೆ ಮುಂದಿನ ಬಾಗಿಲು ತೆರೆದರೆ ಉಳಿದವರು ಎಲ್ಲಿಗೆ ಹೋಗಬೇಕು? ಗೆಸ್ಟ್ ಲೆಕ್ಚರರ್ ಪಟ್ಟಿಗೆ.

ನೇರಮಾತು
ಬೈಸಿಕೊಳ್ಳುತ್ತೇನೆ, ಗೊತ್ತು. ಆದರೂ ಹೇಳುತ್ತೇನೆ. ಪಿಎಚ್‌ಡಿಗೆ ಪ್ರತ್ಯೇಕ ಫೆಲೋಶಿಪ್ ಬೇಕು, ಒಪ್ಪುತ್ತೇನೆ. ಪೋಸ್ಟ್‌ಡಾಕ್ ಹೊತ್ತಿಗೆ ಮನುಷ್ಯ ಸ್ವತಂತ್ರ ಸಂಶೋಧಕ ಆಗಿರಬೇಕು. ಅಲ್ಲಿ ನೋಡಬೇಕಾದದ್ದು ಪೇಪರ್, ಐಡಿಯಾ. ಅಲ್ಲೂ ಜಾತಿ ಕಾಲಂ ಇಟ್ಟರೆ ಇದು ಮುಗಿಯುವುದು ಯಾವಾಗ? ಅಷ್ಟೇ ಅಲ್ಲ, ಈ ಹಂತಕ್ಕೆ ಬರುವವರಲ್ಲಿ ಅರ್ಧ ಜನ ಪ್ರೊಫೆಸರ್ ಮಕ್ಕಳು, ಅಧಿಕಾರಿಗಳ ಮಕ್ಕಳು.

ಬಯಲುಸೀಮೆ
ಅರ್ಧ ಜನ ಎಂಬ ಲೆಕ್ಕ ಎಲ್ಲಿಂದ ತಂದಿರಿ? ನಮ್ಮ ವಿಭಾಗದಲ್ಲಿ ನನ್ನ ಜೊತೆ ಇದ್ದ ಎಸ್‌ಸಿ, ಎಸ್‌ಟಿ ಸ್ಕಾಲರ್‌ಗಳಲ್ಲಿ ಒಬ್ಬನ ಅಪ್ಪ ಮಾತ್ರ ಸರ್ಕಾರಿ ನೌಕರ. ಅದೂ ಡಿ ದರ್ಜೆ.

ಗಾಜಿನ ಬೀಕರು
ನೇರಮಾತು ಅವರೇ, ಪೇಪರ್ ಮತ್ತು ಐಡಿಯಾ ನೋಡಲಿ, ಬೇಡ ಎಂದವರು ಯಾರು. ನಾನು ಪೋಸ್ಟ್‌ಡಾಕ್ ಮಾಡಿದವಳು, ಒಬಿಸಿ. ಈ ಹಂತದಲ್ಲಿ ಪ್ರತಿಭೆಗಿಂತ ಮೊದಲು ಕೇಳುವ ಪ್ರಶ್ನೆ ಒಂದಿದೆ: ಸಂಬಳ ಇಲ್ಲದೆ ಎಷ್ಟು ತಿಂಗಳು ತಡೆದುಕೊಳ್ಳುತ್ತೀಯ?

ನನ್ನ ಜೊತೆ ಪಿಎಚ್‌ಡಿ ಮುಗಿಸಿದ ಗೆಳತಿಗೆ ಬೆಂಗಳೂರಿನಲ್ಲಿ ಅಪ್ಪನ ಮನೆ ಇತ್ತು. ಥೀಸಿಸ್ ಕೊಟ್ಟ ಮೇಲೂ ಅದೇ ಲ್ಯಾಬ್‌ಗೆ ದಿನಾ ಬರುತ್ತಿದ್ದಳು, ಎರಡು ಪೇಪರ್ ಮುಗಿಸಿದಳು, ಆರಾಮಾಗಿ ಪ್ರಪೋಸಲ್ ಬರೆದಳು. ನಾನು ಹಾಸ್ಟೆಲ್ ಖಾಲಿ ಮಾಡಿ ಊರಿಗೆ ಹೋದೆ. ಟ್ಯೂಷನ್ ಹೇಳಿದೆ. ನನ್ನ ಎರಡನೇ ಪೇಪರ್‌ಗೆ ರಿವ್ಯೂವರ್ ಇನ್ನೊಂದು ಪ್ರಯೋಗ ಕೇಳಿದ್ದರು, ಲ್ಯಾಬೇ ಇರಲಿಲ್ಲ ಮಾಡಲು. ಆಮೇಲೆ ಇಬ್ಬರ ಸಿವಿ ಪಕ್ಕ ಪಕ್ಕ ಇಟ್ಟು ನೋಡಿದರೆ ಅವಳದ್ದು ಚೆನ್ನಾಗಿ ಕಾಣುತ್ತದೆ, ನಿಜ. ಅದನ್ನು ನೀವು ಮೆರಿಟ್ ಎನ್ನುತ್ತೀರಿ. ಅವಳು ಬುದ್ಧಿವಂತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ವ್ಯತ್ಯಾಸ ಮಾಡಿದ್ದು ಆ ಮಧ್ಯದ ತಿಂಗಳುಗಳು.

ಕೆಂಪುಬಸ್ಸು
ಇದಕ್ಕೇ ನಾನು ಒಂದೇ ಸಾಲಿನಲ್ಲಿ ಹೇಳಿದ್ದು.

ನೇರಮಾತು
ಗಾಜಿನ ಬೀಕರು, ನೀವು ಹೇಳುವುದು ಬಡತನದ ಸಮಸ್ಯೆ. ಹಾಗಿದ್ದರೆ ಆದಾಯ ಮಿತಿ ಇಡಿ, ಎಲ್ಲಾ ಜಾತಿಯ ಬಡವರಿಗೂ ಕೊಡಿ. ವಿದೇಶಕ್ಕೆ ಕಳಿಸುವ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್‌ಗೆ 8 ಲಕ್ಷದ ಮಿತಿ ಇದೆಯಲ್ಲ.

ಗಾಜಿನ ಬೀಕರು
ಆದಾಯ ಮಿತಿ ಬೇಡ ಎಂದು ನಾನು ಹೇಳಿಲ್ಲ. ಆದರೆ ದುಡ್ಡು ಒಂದೇ ಅಲ್ಲ. ಮೆಂಟರ್ ಒಪ್ಪಿಗೆ ಪತ್ರ ಇಲ್ಲದೆ ಎನ್‌ಪಿಡಿಎಫ್ ಅರ್ಜಿಯೇ ಹೋಗುವುದಿಲ್ಲ. ಆ ಪತ್ರ ಹೇಗೆ ಸಿಗುತ್ತದೆ? ನನ್ನ ಗೆಳತಿಯ ಗೈಡ್ ಒಂದು ಫೋನ್ ಮಾಡಿದರು. ನಮ್ಮ ಗೈಡ್‌ಗೆ ಆ ಫೋನ್ ನಂಬರೇ ಇರಲಿಲ್ಲ.

ಗಂಗೋತ್ರಿ ನೆರಳು
ವಿಜ್ಞಾನದವರೇ ಮಾತಾಡುತ್ತಿದ್ದೀರಿ, ಸ್ವಲ್ಪ ನಮ್ಮ ಕಡೆ ನೋಡಿ. ನಾನು ಸಮಾಜಶಾಸ್ತ್ರ. ನಮಗೆ ಎನ್‌ಪಿಡಿಎಫ್ ಇಲ್ಲ, ಲ್ಯಾಬ್ ಪ್ರಾಜೆಕ್ಟ್‌ನಲ್ಲಿ ಆರ್‌ಎ (ರಿಸರ್ಚ್ ಅಸೋಸಿಯೇಟ್) ಕೆಲಸವೂ ಇಲ್ಲ. ಇರುವುದು ಯುಜಿಸಿ, ಮತ್ತೆ ಸಮಾಜವಿಜ್ಞಾನದ ಮಂಡಳಿ ಐಸಿಎಸ್‌ಎಸ್‌ಆರ್. ಐಸಿಎಸ್‌ಎಸ್‌ಆರ್ ಪೋಸ್ಟ್‌ಡಾಕ್‌ಗೆ 45ರ ತನಕ ಅವಕಾಶ, ಎಸ್‌ಸಿ, ಎಸ್‌ಟಿ, ಅಂಗವಿಕಲರಿಗೆ ಇನ್ನೂ 5 ವರ್ಷ. ವಯಸ್ಸಿನ ವಿಚಾರದಲ್ಲಿ ಉದಾರ. ದುಡ್ಡಿನ ವಿಚಾರದಲ್ಲಿ? ಕೆಲವು ವರ್ಷದ ಹಿಂದೆ ತಿಂಗಳಿಗೆ 31,000 ಇತ್ತು. ಆಗ ಜೆಆರ್‌ಎಫ್ ಕೂಡ 31,000! ಪಿಎಚ್‌ಡಿಗೆ ಕಾಲಿಟ್ಟ ಹುಡುಗನಿಗೂ ಪಿಎಚ್‌ಡಿ ಮುಗಿಸಿ ಪುಸ್ತಕ ಬರೆದವಳಿಗೂ ಒಂದೇ ರೇಟು.

ಇನ್ನೊಂದು ವಿಷಯ. ನಮ್ಮಲ್ಲಿ ಎಷ್ಟೋ ಜನ ಥೀಸಿಸ್ ಬರೆದಿರುವುದು ಕನ್ನಡದಲ್ಲಿ. ಫೀಲ್ಡ್ ಕೆಲಸ ಕನ್ನಡದಲ್ಲಿ, ಓದು ಕನ್ನಡದಲ್ಲಿ. ಪ್ರಪೋಸಲ್ ಮಾತ್ರ ಇಂಗ್ಲಿಷಿನಲ್ಲಿ ಮಿಂಚಬೇಕು. ನನ್ನ ಪರಿಚಯದ ಒಬ್ಬ ಅಲೆಮಾರಿ ಸಮುದಾಯದ ಹುಡುಗ ತನ್ನ ಸಮುದಾಯದ ಮೌಖಿಕ ಚರಿತ್ರೆ ಬಗ್ಗೆ ಮಾಡಿದ ಕೆಲಸವನ್ನು ನಾಲ್ಕು ಪುಟ ಇಂಗ್ಲಿಷಿಗೆ ಇಳಿಸುವಷ್ಟರಲ್ಲಿ ಅದರ ಜೀವ ಹೋಗಿತ್ತು.

ಹೊಸಪೇಟೆ ಹೈದ
ನಮ್ಮ ಕಡೆ ಅಂಥವರು ಬಹಳ ಜನ ಇದ್ದಾರೆ ಅಕ್ಕಾ. ಎಲ್ಲ ಈಗ ಗೆಸ್ಟ್.

ರೈನ್ ತೀರದ ರೊಟ್ಟಿ
ಜರ್ಮನಿಯಿಂದ. ತುಂಗಾತೀರ, ಹೊರಗಿನದ್ದನ್ನೂ ನೋಡಿ. ಯುರೋಪಿನ ಮರೀ ಕ್ಯೂರಿ ಪೋಸ್ಟ್‌ಡಾಕ್‌ಗೆ ವಯಸ್ಸಿನ ಮಿತಿಯೇ ಇಲ್ಲ. ಪಿಎಚ್‌ಡಿ ನಂತರ 8 ವರ್ಷದ ಒಳಗಿನ ಸಂಶೋಧನಾ ಅನುಭವ ಇರಬೇಕು ಅಷ್ಟೇ. ಮಗು, ಕಾಯಿಲೆ, ಸಂಶೋಧನೆಯಿಂದ ದೂರ ಇದ್ದ ವರ್ಷಗಳನ್ನು ಆ ಎಂಟರಲ್ಲಿ ಎಣಿಸುವುದಿಲ್ಲ. ಯಾವ ದೇಶದವರಾದರೂ ಹಾಕಬಹುದು. ಆತಿಥ್ಯ ಕೊಡುವ ದೇಶದಲ್ಲಿ ಹಿಂದಿನ 36 ತಿಂಗಳಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ನಿಮಗೆ ಆ ತೊಂದರೆ ಇಲ್ಲ.

ಜರ್ಮನಿಯ ಹಂಬೋಲ್ಟ್ ಪೋಸ್ಟ್‌ಡಾಕ್‌ಗೆ ಪಿಎಚ್‌ಡಿ ಆಗಿ 4 ವರ್ಷದ ಒಳಗೆ ಹಾಕಬೇಕು. ಗೆಸ್ಟ್ ಕೆಲಸದಲ್ಲಿ ಕೂತು ಅದನ್ನು ಕಳೆದುಕೊಳ್ಳಬೇಡಿ.

ಭಾರತದಲ್ಲಿ 35, 40 ಎಂದು ಹುಟ್ಟಿದ ತಾರೀಖು ಹಿಡಿದು ಅಳೆಯುವುದೇ ನನಗೆ ಅರ್ಥವಾಗಲ್ಲ. ಒಬ್ಬ ಡಿಗ್ರಿ ಆದ ಮೇಲೆ ಐದು ವರ್ಷ ದುಡಿದು ತಂಗಿ ಮದುವೆ ಮಾಡಿ ಆಮೇಲೆ ಎಂಎಸ್‌ಸಿಗೆ ಬಂದಿರುತ್ತಾನೆ. 5 ವರ್ಷದ ಸಡಿಲಿಕೆ ಅಲ್ಲಿಗೇ ಮುಗಿಯಿತು. ಪಿಎಚ್‌ಡಿ ಆದ ದಿನದಿಂದ ಲೆಕ್ಕ ಹಾಕಲಿ.

ತುಂಗಾತೀರ
ನೀವು ಹೇಳಿದ್ದು ನನ್ನದೇ ಕಥೆ. ತಂಗಿ ಬದಲು ತಮ್ಮನ ಡಿಪ್ಲೊಮಾ, ಅಷ್ಟೇ ವ್ಯತ್ಯಾಸ.

ಕ್ಯಾಲಿ ಕನ್ನಡಿಗ
ಅಮೆರಿಕದ ಕಡೆಯಿಂದ ಒಂದು ಮಾತು. ಇಲ್ಲಿ ಕಡಿಮೆ ಪ್ರಾತಿನಿಧ್ಯದ ಗುಂಪುಗಳಿಗೆ ನೆರವಾಗುವ ಪೋಸ್ಟ್‌ಡಾಕ್‌ಗಳಿಗೆ ಹಳೆಯ ಇತಿಹಾಸ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪ್ರೆಸಿಡೆಂಟ್ಸ್ ಪೋಸ್ಟ್‌ಡಾಕ್ 1984ರಲ್ಲಿ ಶುರುವಾಯಿತು. ಅದರಲ್ಲಿ ನನಗೆ ಇಷ್ಟವಾದದ್ದು, ಫೆಲೋಶಿಪ್ ಮುಗಿದ ಮೇಲೆ ಅವರನ್ನು ಅಧ್ಯಾಪಕರಾಗಿ ತೆಗೆದುಕೊಳ್ಳುವ ವಿಭಾಗಗಳಿಗೆ ಪ್ರೋತ್ಸಾಹ ಧನ ಕೊಡುತ್ತಿದ್ದರು. ಬರೀ ಎರಡು ವರ್ಷ ಸಾಕಿ ಬಿಡುವುದಲ್ಲ, ಕೆಲಸದ ತನಕ ದಾರಿ.

ಆದರೆ ಈಗ ಗಾಳಿ ತಿರುಗಿದೆ. ಫೋರ್ಡ್ ಫೌಂಡೇಶನ್ ತನ್ನ ಫೆಲೋಶಿಪ್‌ಗಳನ್ನು ನಿಲ್ಲಿಸುತ್ತೇವೆ ಎಂದು 2022ರಲ್ಲೇ ಹೇಳಿತು. ಇಲ್ಲಿನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಮೊಸಾಯಿಕ್ ಯೋಜನೆ 2025ರಲ್ಲಿ ಹೋಯಿತು. ಇದ್ದಾಗಲೂ ಇವುಗಳಲ್ಲಿ ಭಾರತದಿಂದ ಬಂದವರಿಗೆ ಜಾಗ ಇರಲಿಲ್ಲ. ಇಲ್ಲಿನ ಪ್ರಜೆಯೋ ಗ್ರೀನ್ ಕಾರ್ಡ್ ಇದ್ದವರೋ ಆಗಿರಬೇಕಿತ್ತು. ಎನ್‌ಐಎಚ್ ಲೆಕ್ಕದಲ್ಲಿ ಏಷ್ಯನ್ನರು ಕಡಿಮೆ ಪ್ರಾತಿನಿಧ್ಯದ ಗುಂಪೂ ಆಗಿರಲಿಲ್ಲ. ಕೋಲಾರದ ದಲಿತ ಹುಡುಗಿ ಇಲ್ಲಿಗೆ ಬಂದರೆ ಏಷ್ಯನ್ ಪೆಟ್ಟಿಗೆಯೊಳಗೆ ಬೀಳುತ್ತಾಳೆ. ಜಾತಿ ತಾರತಮ್ಯದ ವಿರುದ್ಧ ಬ್ರಾಂಡೈಸ್ ವಿಶ್ವವಿದ್ಯಾಲಯ 2019ರಲ್ಲಿ, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ 2022ರಲ್ಲಿ ನಿಯಮ ಮಾಡಿದವು. ಅದು ತಾರತಮ್ಯದಿಂದ ರಕ್ಷಣೆ. ಫೆಲೋಶಿಪ್ ಅಲ್ಲ.

ನೇರಮಾತು
ನೋಡಿ, ಅಮೆರಿಕದವರೇ ನಿಲ್ಲಿಸುತ್ತಿದ್ದಾರೆ.

ಕ್ಯಾಲಿ ಕನ್ನಡಿಗ
ಅವರು ನಿಲ್ಲಿಸಿದ್ದು ರಾಜಕೀಯಕ್ಕೆ. ಅದು ಕೆಲಸ ಮಾಡಲಿಲ್ಲ ಎಂಬುದಕ್ಕೆ ಸಾಕ್ಷಿ ಆಗುತ್ತದಾ?

ಎರಡನೇ ಇನ್ನಿಂಗ್ಸ್
ಹೆಣ್ಣುಮಕ್ಕಳ ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಪಿಎಚ್‌ಡಿ ಆದ ವರ್ಷ ಮದುವೆ, ಆಮೇಲೆ ಗಂಡನ ವರ್ಗಾವಣೆ, ಆಮೇಲೆ ಅವಳಿ ಮಕ್ಕಳು. ಸಂಶೋಧನೆ ಕಡೆ ತಲೆ ಹಾಕಿ ಮಲಗಲಿಲ್ಲ ವರ್ಷಗಟ್ಟಲೆ. ವಾಪಸ್ ಬಂದಿದ್ದು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯ (ಡಿಎಸ್‌ಟಿ) ಮಹಿಳಾ ವಿಜ್ಞಾನಿ ಯೋಜನೆಯಲ್ಲಿ. 2002-03ರಿಂದ ಇದೆ, ಈಗ ವೈಸ್-ಕಿರಣ್ ಎಂಬ ಹೆಸರಿನ ಕೆಳಗೆ ಬರುತ್ತದೆ. ಕೆಲಸದಲ್ಲಿ ಅಂತರ ಬಿದ್ದವರಿಗಾಗಿಯೇ ಮಾಡಿದ್ದು. ನಾನು ಹಾಕಿದಾಗ 57ರ ತನಕ ಅವಕಾಶ ಇತ್ತು, ಪಿಎಚ್‌ಡಿ ಇದ್ದವರಿಗೆ 55,000. ಪ್ರಾಜೆಕ್ಟ್ ನಮ್ಮ ಹೆಸರಿನಲ್ಲೇ ಬರುತ್ತದೆ, ಇನ್ನೊಬ್ಬರ ಲ್ಯಾಬಿನ ಬಾಲ ಆಗಬೇಕಿಲ್ಲ. ಇದರ ಬೆಲೆ ಗೊತ್ತಾಗುವುದು ಅನುಭವಿಸಿದವರಿಗೆ.

ಯುಜಿಸಿಯಲ್ಲೂ ಮಹಿಳೆಯರಿಗೆ ಬೇರೆ ಪೋಸ್ಟ್‌ಡಾಕ್ ಇತ್ತು. ವರ್ಷಕ್ಕೆ 100 ಸ್ಥಾನ, ಐದು ವರ್ಷ. 2022ರ ಸೆಪ್ಟೆಂಬರ್ 5ರಂದು ಡಾ. ರಾಧಾಕೃಷ್ಣನ್ ಪೋಸ್ಟ್‌ಡಾಕ್ ಎಂದು ಹೊಸದು ಘೋಷಿಸಿದರು. 900 ಸ್ಥಾನ, ಅದರಲ್ಲಿ ಶೇ 30 ಮಹಿಳೆಯರಿಗೆ, ತಿಂಗಳಿಗೆ 50,000, ಮೂರು ವರ್ಷ.

ಗೊಣಗಾಟವೂ ಇದೆ. ಮಹಿಳೆಯರ ಯೋಜನೆಗಳಲ್ಲಿ ಸಿಗುವವರು ಹೆಚ್ಚಾಗಿ ನನ್ನಂಥವರು, ನಗರದವರು, ಗಂಡನ ಸಂಬಳ ಇರುವವರು. ಸಂದರ್ಶನದ ಹೊರಗೆ ಕೂತಾಗ ಸುತ್ತ ನೋಡಿದರೆ ತಿಳಿಯುತ್ತದೆ. ಗ್ರಾಮೀಣ ದಲಿತ ಹೆಣ್ಣುಮಕ್ಕಳು ಆ ಕುರ್ಚಿ ತನಕ ಬರುವುದೇ ಇಲ್ಲ.

ಗಾಜಿನ ಬೀಕರು
ಕೊನೆಯ ಪ್ಯಾರಾಕ್ಕೆ ನೂರು ಲೈಕ್.

ಸಿಟಿ ಮಾರ್ಕೆಟ್
ಎಲ್ಲಾ ಸರಿ, ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿ ಮಿಕ್ಕಿದ್ದರಲ್ಲಿ ಬದುಕುವುದು ಹೇಗೆ ಎಂದು ಯಾರಾದರೂ ಹೇಳಿ. ಯಶವಂತಪುರದ ಸುತ್ತ ಒಂದು ಬೆಡ್‌ರೂಮ್ ಮನೆಗೆ ಹತ್ತು ತಿಂಗಳ ಅಡ್ವಾನ್ಸ್ ಕೇಳುತ್ತಾರೆ. ಹೆಸರು ಕೇಳಿದ ಮೇಲೆ ಊಟ ಏನು ಮಾಡುತ್ತೀರಿ ಎಂದೂ ಕೇಳುತ್ತಾರೆ.

ಪಿಪೆಟ್ ಪುರಾಣ
ಆರ್‌ಎ ಹುದ್ದೆ ಸಿಕ್ಕರೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಬೇರೆ ಬರುತ್ತದೆ. 2023ರಲ್ಲಿ ದರ ಏರಿಸಿದರು: ಆರ್‌ಎ-1ಕ್ಕೆ 47,000ದಿಂದ 58,000, ಆರ್‌ಎ-2ಕ್ಕೆ 61,000, ಆರ್‌ಎ-3ಕ್ಕೆ 67,000. ಎಚ್‌ಆರ್‌ಎ ಲೆಕ್ಕದಲ್ಲಿ ಬೆಂಗಳೂರು ಎಕ್ಸ್ (ಹೆಚ್ಚು ಭತ್ಯೆಯ) ನಗರ, ಮೈಸೂರು, ಹುಬ್ಬಳ್ಳಿ-ಧಾರವಾಡ, ಮಂಗಳೂರು, ಬೆಳಗಾವಿ, ಕಲಬುರಗಿ ವೈ (ಅದಕ್ಕಿಂತ ಕಡಿಮೆ ಭತ್ಯೆಯ) ನಗರ. ದುಡ್ಡು ಉಳಿಸುವ ಆಸೆ ಇದ್ದರೆ ಮೈಸೂರು ವಾಸಿ.

ತುಂಗಾತೀರ, ಪಾಚಿ ಅಂದಿರಲ್ಲ, ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಗೆ ಸ್ಪಿರುಲಿನಾ ಎಂಬ ಪಾಚಿಯ ಕೆಲಸದಲ್ಲಿ ಹಳೆಯ ಹೆಸರಿದೆ. ಕಡಲ ಪಾಚಿ ಆದರೂ ಪರವಾಗಿಲ್ಲ ಎಂದರೆ ಗುಜರಾತಿನ ಭಾವನಗರದ ಉಪ್ಪು ಮತ್ತು ಸಮುದ್ರ ರಾಸಾಯನಿಕ ಸಂಶೋಧನಾ ಸಂಸ್ಥೆ ಸಿಎಸ್‌ಎಂಸಿಆರ್‌ಐ. ಕೆರೆಯ ಪರಿಸರ ಬೇಕು ಎಂದರೆ ಐಐಎಸ್‌ಸಿ ಪರಿಸರ ವಿಜ್ಞಾನ ಕೇಂದ್ರ, ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ.

ಮೇಕರ್ ಚೆಕರ್
ಫೆಲೋಶಿಪ್ ಸಿಕ್ಕಿತು ಎಂದು ಸಿಹಿ ಹಂಚುವವರಿಗೆ ಒಂದು ಎಚ್ಚರಿಕೆ. ಯುಜಿಸಿ ಫೆಲೋಶಿಪ್‌ಗಳ ದುಡ್ಡು ಕೆನರಾ ಬ್ಯಾಂಕ್ ನಡೆಸುವ ಪೋರ್ಟಲ್ ಮೂಲಕ ಬರುತ್ತದೆ. ನಿಮ್ಮ ವಿಶ್ವವಿದ್ಯಾಲಯದಲ್ಲಿ ಒಬ್ಬ ಮೇಕರ್, ಒಬ್ಬ ಚೆಕರ್ ಇರುತ್ತಾರೆ. ತಿಂಗಳಿಗೊಮ್ಮೆ ಮೇಕರ್ ನಿಮ್ಮ ಹೆಸರಿನ ಮುಂದೆ ಟಿಕ್ ಹಾಕಬೇಕು, ಚೆಕರ್ ಒಪ್ಪಬೇಕು. ಇಬ್ಬರಲ್ಲಿ ಒಬ್ಬರು ರಜೆ ಹೋದರೆ, ವರ್ಗವಾದರೆ, ಪಾಸ್‌ವರ್ಡ್ ಮರೆತರೆ ನಿಮ್ಮ ತಿಂಗಳು ಹೋಯಿತು. ದೇವರು ಕೊಟ್ಟರೂ ಪೂಜಾರಿ ಕೊಡ.

ಸೇರಿದ ಮೊದಲ ದಿನ ಮೆಂಟರ್‌ಗೆ ನಮಸ್ಕಾರ ಹೇಳುವ ಮುಂಚೆ ಆ ಗುಮಾಸ್ತರಿಗೆ ನಮಸ್ಕಾರ ಹೇಳಿ. ಗಂಭೀರವಾಗಿಯೇ ಹೇಳುತ್ತಿದ್ದೇನೆ.

ಗಾಜಿನ ಬೀಕರು
ನನಗೂ ಒಂದು ಫೆಲೋಶಿಪ್‌ನಲ್ಲಿ ತಿಂಗಳುಗಟ್ಟಲೆ ಬಾಕಿ ಆಗಿತ್ತು. ಯಾವುದು, ಎಲ್ಲಿ ಎಂದು ಹೇಳಲ್ಲ. ಎಲ್ಲಾ ಒಟ್ಟಿಗೆ ಬಂತು, ಜೊತೆಗೆ ಆ ವರ್ಷದ ತೆರಿಗೆ ತಲೆನೋವು. ನಡುವೆ ಅಮ್ಮನ ಓಲೆ ಅಡ ಇಟ್ಟಿದ್ದೆವು. ಯೋಜನೆ ಮಾಡುವವರು ಮೊತ್ತ ಏರಿಸಿದ್ದೇವೆ ಎಂದು ಹೇಳಿಕೊಳ್ಳುತ್ತಾರೆ. ನನ್ನನ್ನು ಕೇಳಿದರೆ ಐದು ಸಾವಿರ ಕಡಿಮೆ ಕೊಡಿ, ತಿಂಗಳ ಒಂದನೇ ತಾರೀಖು ಕೊಡಿ.

ಬಯಲುಸೀಮೆ
ಇದು ಒಬ್ಬಿಬ್ಬರ ಗೋಳಲ್ಲ. ಎಸ್‌ಸಿ ನ್ಯಾಷನಲ್ ಫೆಲೋಶಿಪ್ 2022ರ ಅಕ್ಟೋಬರ್‌ನಲ್ಲಿ ಯುಜಿಸಿ ಕೈಯಿಂದ ಎಸ್‌ಸಿ ಹಣಕಾಸು ನಿಗಮಕ್ಕೆ ಹೋಯಿತು. ಅದಾದ ಮೇಲೆ ಬಾಕಿ ವಿಷಯ ಪತ್ರಿಕೆಗಳಲ್ಲೂ ಬಂತು. ಅಲ್ಪಸಂಖ್ಯಾತರ ಮೌಲಾನಾ ಆಜಾದ್ ಫೆಲೋಶಿಪ್ ಅಂತೂ 2022ರ ಡಿಸೆಂಬರ್‌ನಲ್ಲಿ ನಿಲ್ಲಿಸಿದ್ದೇವೆ ಎಂದು ಲೋಕಸಭೆಯಲ್ಲೇ ಹೇಳಿದರು. ಪಿಎಚ್‌ಡಿಗೇ ಇಲ್ಲದ ಮೇಲೆ ಪೋಸ್ಟ್‌ಡಾಕ್ ಎಲ್ಲಿಯ ಮಾತು.

ಕಣ್ಣಿಲ್ಲದಿದ್ದರೂ ಓದುವೆ
ನಾನು ದೃಷ್ಟಿ ವಿಶೇಷಚೇತನ, ಇತಿಹಾಸದಲ್ಲಿ ಪಿಎಚ್‌ಡಿ. ವಯಸ್ಸಿನ ಸಡಿಲಿಕೆ ನಮಗೂ ಇದೆ. ಆದರೆ ಸುತ್ತೋಲೆಯನ್ನು ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕುತ್ತಾರೆ. ಸ್ಕ್ರೀನ್ ರೀಡರ್ ಒಂದಕ್ಷರ ಓದಲ್ಲ. ಕ್ಯಾಪ್ಚಾ ಬೇರೆ. ಅರ್ಜಿ ತುಂಬಲು ಪ್ರತಿ ಸಲ ಯಾರನ್ನೋ ಬೇಡಬೇಕು, ಪಾಸ್‌ವರ್ಡ್ ಕೂಡ ಅವರಿಗೆ ಹೇಳಬೇಕು. ಆಕರ ಗ್ರಂಥ ಓದಿಸಿಕೊಳ್ಳಲು ಸಹಾಯಕರ ಖರ್ಚನ್ನು ಫೆಲೋಶಿಪ್‌ನಲ್ಲೇ ನಿಭಾಯಿಸಬೇಕಾಗುತ್ತದೆ. ಸೀಟು ಹೆಚ್ಚಿಸುವುದಕ್ಕೂ ಮೊದಲು ಆ ಪಿಡಿಎಫ್ ಸರಿ ಮಾಡಲಿ.

ಹಳೇ ಮೈಸೂರು
ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ. ಇದೆಲ್ಲ ಹೊಸ ತಕರಾರು ಎಂದುಕೊಂಡವರಿಗೆ. ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ಮಾಡಿದ್ದು 1918ರಲ್ಲಿ. ಸರ್ಕಾರಿ ಕೆಲಸದಲ್ಲಿ ಒಂದೇ ಸಮುದಾಯ ತುಂಬಿದೆ, ಉಳಿದವರನ್ನು ತರುವುದು ಹೇಗೆ ಎಂಬುದೇ ಅದರ ಪ್ರಶ್ನೆ. ಆಗಲೂ ಮೆರಿಟ್ ಹೋಗುತ್ತದೆ ಎಂದು ಕೂಗಾಡಿದವರಿದ್ದರು. ಅದಕ್ಕೂ ಮುಂಚೆ 1913ರಲ್ಲಿ ಬರೋಡಾದ ಸಯಾಜಿರಾವ್ ಗಾಯಕ್ವಾಡರು ಕೊಟ್ಟ ವಿದ್ಯಾರ್ಥಿವೇತನದಲ್ಲಿ ಅಂಬೇಡ್ಕರ್ ಕೊಲಂಬಿಯಾಕ್ಕೆ ಹೋದರು. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ.

ನಮ್ಮವರೇ ಆದ ರಾಜೇಶ್ವರಿ ಚಟರ್ಜಿ ಅವರೂ ಹಾಗೇ. ಸರ್ಕಾರಿ ಸ್ಕಾಲರ್‌ಶಿಪ್‌ನಲ್ಲಿ ಮಿಶಿಗನ್‌ಗೆ ಹೋಗಿ ಬಂದು ಐಐಎಸ್‌ಸಿಯಲ್ಲಿ ಮೈಕ್ರೋವೇವ್ ಎಂಜಿನಿಯರಿಂಗ್ ಕಲಿಸಿದರು.

ನೇರಮಾತು
ರಾಜೇಶ್ವರಿ ಚಟರ್ಜಿ ಉದಾಹರಣೆ ನಿಮ್ಮ ವಾದಕ್ಕೇ ಉಲ್ಟಾ. ಅವರು ಓದಿದ ಮನೆತನದವರು. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು.

ಎರಡನೇ ಇನ್ನಿಂಗ್ಸ್
ಉಲ್ಟಾ ಅಲ್ಲ ಸ್ವಾಮಿ, ಸರಿಯಾಗಿದೆ. ಅಷ್ಟು ಓದಿದ ಮನೆಯ ಹೆಣ್ಣುಮಗಳಿಗೂ ಸರ್ಕಾರದ ದುಡ್ಡು ಬೇಕಾಯಿತು. ಇನ್ನು ಉಳಿದವರ ಗತಿ?

ಹಳೇ ಮೈಸೂರು
ನಾನು ಹೇಳಹೊರಟಿದ್ದೂ ಅದೇ. ಇನ್ನು ಬೈದಾಡಿಕೊಳ್ಳಿ.

ವಿಧಾನಸೌಧ ನೋಟ
ಕೇಂದ್ರವನ್ನೇ ಯಾಕೆ ಕಾಯಬೇಕು? ಕರ್ನಾಟಕದಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ 2013ರಿಂದ ಇದೆ. ಎಸ್‌ಸಿ, ಎಸ್‌ಟಿ ಜನಸಂಖ್ಯೆಗೆ ತಕ್ಕಂತೆ ಬಜೆಟ್‌ನಲ್ಲಿ ಶೇ 24.1 ಪಾಲು ಎತ್ತಿಡಬೇಕು. ಆ ದುಡ್ಡು ಬೇರೆ ಕಡೆ ಹೋಗುತ್ತದೆ ಎಂಬ ಜಗಳ ಪ್ರತಿ ವರ್ಷ ನೋಡುತ್ತೇವೆ. ಅದರಲ್ಲಿ ಒಂದು ಚೂರು ರಾಜ್ಯದ ಪೋಸ್ಟ್‌ಡಾಕ್‌ಗೆ ಇಟ್ಟರೆ ಯಾರೂ ಬಡವಾಗುವುದಿಲ್ಲ. ಈಗ ರಾಜ್ಯದಲ್ಲಿ ಏನಿದೆ? ವಿದೇಶಕ್ಕೆ ಹೋಗಲು ಪ್ರಬುದ್ಧ ಯೋಜನೆ, ಅದು ಪಿಎಚ್‌ಡಿ ತನಕ. ರಾಜ್ಯದ ವಿಜ್ಞಾನ ಸಂಸ್ಥೆ ಕೆಸ್ಟೆಪ್ಸ್‌ನ ಫೆಲೋಶಿಪ್, ಅದೂ ಪಿಎಚ್‌ಡಿಗೆ. ಎಲ್ಲಾ ಅಲ್ಲಿಗೇ ನಿಲ್ಲುತ್ತದೆ. ಊರಿನ ಬಸ್ಸು ಹೊಳೆ ದಡದಲ್ಲಿ ಇಳಿಸಿ ಇಲ್ಲಿಂದ ಈಜಿಕೋ ಎಂದ ಹಾಗೆ.

ಬಯಲುಸೀಮೆ
ಇದು ಒಳ್ಳೆಯ ಮಾತು. ನಾನಾದರೆ ಎರಡು ಮಾಡುತ್ತೇನೆ. ಒಂದು, ಥೀಸಿಸ್ ಕೊಟ್ಟ ದಿನದಿಂದ ಒಂದು ವರ್ಷ ಸೇತುವೆ ಫೆಲೋಶಿಪ್, ಅದೇ ಲ್ಯಾಬಿನಲ್ಲಿ, ಪೇಪರ್ ಮುಗಿಸಿಕೊಂಡು ಮುಂದಿನ ಅರ್ಜಿ ಬರೆಯಲು. ಇನ್ನೊಂದು, ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ ಮೂರು ವರ್ಷದ ಪೋಸ್ಟ್‌ಡಾಕ್. ಮೊದಲನೆಯದೇ ಮುಖ್ಯ. ಜನ ಬಿದ್ದುಹೋಗುತ್ತಿರುವುದು ಆ ಒಂದು ವರ್ಷದಲ್ಲಿ.

ನೇರಮಾತು
ಸೇತುವೆ ಫೆಲೋಶಿಪ್‌ಗೆ ನನ್ನ ವಿರೋಧ ಇಲ್ಲ. ಆದಾಯ ಮಿತಿ ಇಟ್ಟು ಮಾಡಲಿ.

ಕೆಂಪುಬಸ್ಸು
ಅಬ್ಬಾ, ಒಪ್ಪಿದರು!

ಮೇಕರ್ ಚೆಕರ್
ಇನ್ನೊಂದು ಪೋರ್ಟಲ್ ಬರುತ್ತದೆ. ಇನ್ನೊಬ್ಬ ಮೇಕರ್, ಇನ್ನೊಬ್ಬ ಚೆಕರ್.

ಹೊಸಪೇಟೆ ಹೈದ
ಪೋಸ್ಟ್‌ಡಾಕ್ ಮಾಡಿದರೂ ಕೆಲಸದಲ್ಲಿ ಏನು ಲಾಭ? ಅಧ್ಯಾಪಕರ ನೇಮಕಕ್ಕೆ ಯುಜಿಸಿ ಮಾಡಿದ 2018ರ ನಿಯಮದ ಶಾರ್ಟ್‌ಲಿಸ್ಟ್ ಕೋಷ್ಟಕದಲ್ಲಿ ಬೋಧನೆ ಅಥವಾ ಪೋಸ್ಟ್‌ಡಾಕ್ ಅನುಭವಕ್ಕೆ ವರ್ಷಕ್ಕೆ 2 ಅಂಕ, ಜಾಸ್ತಿ ಅಂದರೆ 10. ಪಾಠ ಮಾಡಿದರೂ ಅಷ್ಟೇ, ಪೋಸ್ಟ್‌ಡಾಕ್ ಮಾಡಿದರೂ ಅಷ್ಟೇ. ಊರಲ್ಲೇ ಗೆಸ್ಟ್ ಆಗಿರುವುದು ಜಾಣತನ.

ಗಂಗೋತ್ರಿ ನೆರಳು
ಅದೇ ನಿಯಮದ 10ನೇ ಭಾಗ ಓದಿ ತಮ್ಮಾ. ತಾತ್ಕಾಲಿಕ ಸೇವೆ ಎಣಿಕೆಗೆ ಬರಬೇಕಾದರೆ ಕಾಯಂ ಸಹಾಯಕ ಪ್ರಾಧ್ಯಾಪಕರ ಒಟ್ಟು ಸಂಬಳಕ್ಕಿಂತ ಕಡಿಮೆ ಇರಬಾರದು ಎಂದಿದೆ. 2022ರ ಜನವರಿಯಲ್ಲಿ ರಾಜ್ಯ ಸರ್ಕಾರ ಗೆಸ್ಟ್ ಗೌರವಧನ ಏರಿಸಿದಾಗಲೂ ಮೇಲಿನ ಮಿತಿ 32,000 ಇತ್ತು. ಎಲ್ಲಿಯ ಹೋಲಿಕೆ? ಸಂದರ್ಶನದಲ್ಲಿ ಗೆಸ್ಟ್ ಅನುಭವ ಪತ್ರವನ್ನು ಪಕ್ಕಕ್ಕೆ ಇಟ್ಟ ಕಥೆ ಬೇಕಾದಷ್ಟು ಕೇಳಿದ್ದೇನೆ.

ಹೊಸಪೇಟೆ ಹೈದ
ಸರ್ಕಾರಿ ಡಿಗ್ರಿ ಕಾಲೇಜಿಗೆ ಕೆಇಎ ಪರೀಕ್ಷೆ ಅಕ್ಕಾ. 1,242 ಹುದ್ದೆಗೆ ಕರೆದಾಗ ನೋಡಲಿಲ್ಲವಾ? ಅಲ್ಲಿ ಪರೀಕ್ಷೆ ಅಂಕವೇ ಮುಖ್ಯ, ಪೋಸ್ಟ್‌ಡಾಕ್ ಕೇಳುವವರಿಲ್ಲ.

ಗಂಗೋತ್ರಿ ನೆರಳು
ಆ ಪರೀಕ್ಷೆ ಮತ್ತೆ ಯಾವಾಗ ಎಂದು ಹೇಳಿ, ನಾನೂ ಓದಲು ಕೂರುತ್ತೇನೆ.

ರೈನ್ ತೀರದ ರೊಟ್ಟಿ
ಮೆಂಟರ್ ಹಿಡಿಯುವ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡುತ್ತೇನೆ. ನನಗೂ ಯಾರ ಪರಿಚಯವೂ ಇರಲಿಲ್ಲ.

ಇಮೇಲ್ ಚಿಕ್ಕದಾಗಿರಲಿ. ರೆಸ್ಪೆಕ್ಟೆಡ್ ಸರ್, ಐ ಆ್ಯಮ್ ವೆರಿ ಇಂಟರೆಸ್ಟೆಡ್ ಎಂದು ಎಲ್ಲರಿಗೂ ಒಂದೇ ಪತ್ರ ಕಳಿಸಬೇಡಿ, ತೆರೆಯುವುದೂ ಇಲ್ಲ. ಅವರ ಒಂದು ಪೇಪರ್ ಪೂರ್ತಿ ಓದಿ. ಅದರಲ್ಲಿ ಉಳಿದ ಒಂದು ಪ್ರಶ್ನೆ ಹಿಡಿದು, ನನ್ನ ಕೆರೆ ಮಾದರಿಗಳಿಂದ ಇದಕ್ಕೆ ಹೀಗೆ ಉತ್ತರ ಹುಡುಕಬಹುದು ಎಂದು ನಾಲ್ಕು ಸಾಲು ಬರೆಯಿರಿ. ಸಿವಿ, ಒಳ್ಳೆಯ ಒಂದು ಪೇಪರ್ ಜೊತೆಗಿರಲಿ. ಯಾವ ಫೆಲೋಶಿಪ್‌ಗೆ ಹಾಕುತ್ತೀರಿ, ಕೊನೆಯ ದಿನ ಯಾವುದು ಎಂದು ಮೊದಲ ಪ್ಯಾರಾದಲ್ಲೇ ಹೇಳಿ. ದುಡ್ಡು ನೀವೇ ತರುತ್ತೀರಿ ಎಂದು ಗೊತ್ತಾದರೆ ಉತ್ತರ ಬೇಗ ಬರುತ್ತದೆ. ಹತ್ತು ದಿನ ಬಿಟ್ಟು ಒಂದು ನೆನಪಿನ ಪತ್ರ. ಅದಕ್ಕೂ ಉತ್ತರ ಇಲ್ಲವಾದರೆ ಮುಂದಿನವರು.

ಭಾರಿ ಹೆಸರಿನ ಲ್ಯಾಬ್‌ಗೇ ಹೋಗಬೇಕು ಎಂದಿಲ್ಲ. ಎನ್‌ಪಿಡಿಎಫ್‌ನಲ್ಲಿ ಒಬ್ಬ ಮೆಂಟರ್ ಹತ್ತಿರ ಇಬ್ಬರಿಗಿಂತ ಜಾಸ್ತಿ ಫೆಲೋಗಳು ಇರುವಂತಿಲ್ಲ. ದೊಡ್ಡವರ ಹತ್ತಿರ ಆ ಜಾಗ ಮೊದಲೇ ತುಂಬಿರುತ್ತದೆ. ಹೊಸದಾಗಿ ಸೇರಿದ ಫ್ಯಾಕಲ್ಟಿ ನೋಡಿ, ಅವರಿಗೂ ಕೈ ಬೇಕಿರುತ್ತದೆ.

ತುಂಗಾತೀರ
ಎಲ್ಲರಿಗೂ ಧನ್ಯವಾದ. ಗೆಸ್ಟ್ ಕೆಲಸಕ್ಕೆ ಸೇರುತ್ತೇನೆ, ಜೊತೆಗೆ ಎನ್‌ಪಿಡಿಎಫ್ ಮತ್ತು ಮರೀ ಕ್ಯೂರಿ ಎರಡಕ್ಕೂ ತಯಾರಿ ಮಾಡುತ್ತೇನೆ. ಭಾವನಗರದವರ ಪೇಪರ್ ಒಂದನ್ನು ಇವತ್ತೇ ಇಳಿಸಿಕೊಂಡೆ. ಒಂದು ಚಿಕ್ಕ ಅನುಮಾನ. ನಾಡಕಚೇರಿಯಲ್ಲಿ ತೆಗೆದ ಜಾತಿ ಪ್ರಮಾಣಪತ್ರ ಕನ್ನಡದಲ್ಲಿದೆ, ಅದು ನಡೆಯುತ್ತದಾ?

ಪಿಪೆಟ್ ಪುರಾಣ
ಕೇಂದ್ರದ ಅರ್ಜಿಗೆ ಕೇಂದ್ರದ ನಮೂನೆಯಲ್ಲೇ ಕೇಳುತ್ತಾರೆ. ತಹಶೀಲ್ದಾರ್ ಕಚೇರಿಯಲ್ಲಿ ಆ ನಮೂನೆ ಕೇಳಿ ಇಂಗ್ಲಿಷಿನಲ್ಲಿ ತೆಗೆಸಿ. ಒಬಿಸಿಯವರು ಇನ್ನೂ ಹುಷಾರಾಗಿರಿ. ರಾಜ್ಯದ 2ಎ, 3ಎ, 3ಬಿ ಪಟ್ಟಿಯಲ್ಲಿ ಇದ್ದವರೆಲ್ಲ ಕೇಂದ್ರದ ಪಟ್ಟಿಯಲ್ಲಿ ಇರುವುದಿಲ್ಲ.

ಮೇಕರ್ ಚೆಕರ್
ಹಾಗೇ ಆಧಾರ್‌ನಲ್ಲಿರುವ ಹೆಸರು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ ಮೂರರಲ್ಲೂ ಇನಿಷಿಯಲ್ ಒಂದೇ ಕಡೆ ಇದೆಯಾ ನೋಡಿಕೊಳ್ಳಿ. ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ ಇದ್ದರೆ ಈಗಲೇ ಸರಿ ಮಾಡಿಸಿ. ಖಾತೆಗೆ ಆಧಾರ್ ಸೀಡಿಂಗ್ ಆಗಿದೆಯಾ ಎಂದೂ ಬ್ಯಾಂಕಿನಲ್ಲಿ ಕೇಳಿ.